ಮೊದಲು ನೀರು ಹದವಾಗಲಿ, ಆಮೇಲೆ ಹವಳ



ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಹವಳ ಬೆಳೆಸುವ ವಿಷಯ ರೈತರ ಪತ್ರಿಕೆಯಲ್ಲಿ ಏಕೆ ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಜಾಲಹಳ್ಳಿ, ಯಲಹಂಕ, ಹೆಬ್ಬಾಳಗಳ ಸುತ್ತ ಹೊಲಗಳು ನಿವೇಶನಗಳಾದ ಮೇಲೆ ಕೆಲವು ಒಕ್ಕಲು ಮನೆತನಗಳ ಮಕ್ಕಳು ಇಂಥ ತೊಟ್ಟಿಗಳನ್ನು ಇಟ್ಟುಕೊಂಡಿದ್ದಾರೆ. ತಂದೆಯವರು ಗದ್ದೆಗೆ ನೀರು ಕಟ್ಟುವಾಗ ತೋರುತ್ತಿದ್ದ ಎಚ್ಚರವನ್ನು ಮಕ್ಕಳು ತೊಟ್ಟಿಯ ನೀರಿಗೆ ತೋರುತ್ತಿಲ್ಲವೆಂಬುದೇ ನನ್ನ ದೂರು. ಬಾವಿಯಲ್ಲಿ ನೀರೆಷ್ಟಿದೆ ಎಂದು ನೋಡದೆ ಯಾವ ರೈತನೂ ಬಾಳೆ ನೆಡುವುದಿಲ್ಲ. ಹಾಗೆಯೇ ನೀರಿನ ಶಾಖ ಹತೋಟಿಗೆ ಬರುವ ಮೊದಲು ಯಾರೂ ಹವಳ ತರಬಾರದು. ಇದು ನನ್ನ ಖಚಿತ ಅಭಿಪ್ರಾಯ.

ಜಾಲಹಳ್ಳಿಯ ಒಂದು ತೊಟ್ಟಿ

ಜಾಲಹಳ್ಳಿಯಲ್ಲಿ ನಮ್ಮ ನೆರೆಮನೆಯ ಯುವಕನೊಬ್ಬ 200 ಲೀಟರಿನ ತೊಟ್ಟಿಯಲ್ಲಿ ಮೆದು ಹವಳಗಳನ್ನೂ ನಾಲ್ಕಾರು ಮೀನುಗಳನ್ನೂ ಸಾಕಿದ್ದ. ತೊಟ್ಟಿ ಇದ್ದುದು ಮೇಲಂತಸ್ತಿನಲ್ಲಿ, ಪಡುವಣ ಗೋಡೆಗೆ ಒತ್ತಿಕೊಂಡು. ನೀರು ತಂಪು ಮಾಡುವ ಚಿಲ್ಲರ್ ಯಂತ್ರವನ್ನೂ ಕೊಂಡಿದ್ದ. ಒಂದು ಬೇಸಿಗೆಯಲ್ಲಿ ಮನೆಯವರೆಲ್ಲ ಕಿಟಕಿ ಬಾಗಿಲು ಮುಚ್ಚಿ ಎರಡು ದಿನ ಮದುವೆಗೆ ಹೋದರು. ಮೊದಲ ದಿನ ಮಧ್ಯಾಹ್ನ ಬಹಳ ಹೊತ್ತು ಕರೆಂಟು ಇರಲಿಲ್ಲ. ಬಂದ ಮೇಲೆ ಚಿಲ್ಲರ್ ಓಡಿತಾದರೂ, ನೀರಿನಿಂದ ತೆಗೆದ ಶಾಖವನ್ನು ಅದೇ ಮುಚ್ಚಿದ ಕೋಣೆಗೆ ಉಗುಳಿತು. ಅವರು ಹಿಂದಿರುಗಿದಾಗ ನೀರಿನ ಶಾಖ 31 ಡಿಗ್ರಿ ಸೆಂಟಿಗ್ರೇಡ್, ಹವಳಗಳು ಬಿಳಿಚಿಕೊಂಡಿದ್ದವು.

ಗಾಬರಿಯಿಂದ ನನ್ನನ್ನು ಕರೆದರು. ನಾನು ಮಂಜುಗಡ್ಡೆ ಹಾಕಲು ಹೇಳಿದೆ. ಒಂದೇ ಗಂಟೆಯಲ್ಲಿ ನೀರು ಐದು ಡಿಗ್ರಿ ಇಳಿಯಿತು, ಕರಗಿದ ಸಿಹಿನೀರಿನಿಂದ ಉಪ್ಪಿನಂಶವೂ ಕುಸಿಯಿತು. ಉಳಿದಿದ್ದ ಮೀನುಗಳೂ ಬೆಳಗಾಗುವಷ್ಟರಲ್ಲಿ ಸತ್ತವು. ಯುವಕ ಯಂತ್ರವನ್ನು ದೂರಿದ. ದೋಷ ಯಂತ್ರದ್ದಲ್ಲ. ಅರ್ಧ ದೋಷ ತೊಟ್ಟಿ ಇಟ್ಟ ಜಾಗದ್ದು, ಇನ್ನರ್ಧ ನನ್ನ ಅವಸರದ ಸಲಹೆಯದು.

ಶಾಖ ಏರಿದರೆ ಆಗುವುದೇನು?

ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಸೂಕ್ಷ್ಮಾಣುಗಳು ನೆಲೆಸಿ ಗಿಡಕ್ಕೆ ಸಾರಜನಕ ಒದಗಿಸುವುದು ತಮಗೆ ಗೊತ್ತಿದೆ. ಹವಳದ ಮೈಯಲ್ಲೂ ಹೀಗೆಯೇ ಕಣ್ಣಿಗೆ ಕಾಣದ ಒಂದು ಬಗೆಯ ಪಾಚಿ ವಾಸಿಸುತ್ತದೆ. ಅದು ಬೆಳಕಿನಲ್ಲಿ ಆಹಾರ ತಯಾರಿಸಿ ಹೆಚ್ಚಿನ ಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳದ ಬಣ್ಣದಲ್ಲೂ ಅದರದು ದೊಡ್ಡ ಪಾಲು. ಬಿಸಿಯೂ ಬೆಳಕೂ ಮಿತಿಮೀರಿದಾಗ ಈ ಪಾಚಿಯ ಕೆಲಸ ಕೆಟ್ಟು ವಿಷಕಾರಿ ವಸ್ತುಗಳು ಹುಟ್ಟುತ್ತವೆ. ಆಗ ಹವಳ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಕೂಡಲೇ ಸಾಯುವುದಿಲ್ಲ, ಉಪವಾಸ ಬೀಳುತ್ತದೆ. ಶಾಖ ಬೇಗ ಇಳಿದರೆ ಚೇತರಿಸಿಕೊಳ್ಳಬಹುದು. ವಾರಗಟ್ಟಲೆ ಮುಂದುವರಿದರೆ ಉಳಿಯುವುದು ಕಷ್ಟ.

ಕಡಲಿನಲ್ಲೂ ಇದೇ ಕಥೆ. ಬೇಸಿಗೆಯ ವಾಡಿಕೆಯ ಗರಿಷ್ಠ ಶಾಖಕ್ಕಿಂತ ಕೇವಲ 1 ಡಿಗ್ರಿ ಹೆಚ್ಚು ಬಿಸಿ ಕೆಲವು ವಾರ ನಿಂತರೆ ಹವಳ ಬಿಳಿಚಿಕೊಳ್ಳತೊಡಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು.

ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದು ಎರಡನೆಯ ತೊಂದರೆ. ಸಿಹಿನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. ಆದರೆ ಬಿಸಿ ಏರಿದಂತೆ ಮೀನಿಗೆ ಬೇಕಾಗುವ ಆಮ್ಲಜನಕ ಹೆಚ್ಚುತ್ತದೆ.

ಯಂತ್ರಕ್ಕಿಂತ ಮೊದಲು ಜಾಗ

ಹವಳದ ತೊಟ್ಟಿಗೆ 24ರಿಂದ 27 ಡಿಗ್ರಿ ಶಾಖ ಹಿತಕರ. ಅಂಕಿಗಿಂತ ಸ್ಥಿರತೆ ಮುಖ್ಯ. ಒಂದು ದಿನದೊಳಗೆ 1 ಡಿಗ್ರಿಗಿಂತ ಹೆಚ್ಚು ಏರಿಳಿತ ಆಗದಂತೆ ನೋಡಿಕೊಳ್ಳಬೇಕು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದ್ದು ಹಿತವಾದ ಹವೆಯ ಊರೆಂದು ಹೆಸರಾದರೂ, 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಯಿತು. ಆದುದರಿಂದ ತೊಟ್ಟಿಯನ್ನು ಕೆಳಮನೆಯಲ್ಲಿ, ಬಿಸಿಲು ತಾಗದ ಒಳಗೋಡೆಯ ಬಳಿ, ಗಾಳಿಯಾಡುವ ಕಡೆ ಇಡತಕ್ಕದ್ದು. ದೀಪ ಮತ್ತು ಪಂಪುಗಳೂ ನೀರಿಗೆ ಶಾಖ ಸೇರಿಸುತ್ತವೆ. ಬಿರುಬೇಸಿಗೆಯಲ್ಲಿ ದೀಪದ ಹೊತ್ತನ್ನು ಕಡಿಮೆ ಮಾಡಿ, ಉರಿಸುವುದನ್ನು ಸಂಜೆಯ ಕಡೆಗೆ ತಳ್ಳುವುದು ಲೇಸು.

ಮಡಕೆಯ ನೀರು ಏಕೆ ತಣ್ಣಗಿರುತ್ತದೆಂದು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನೀರು ಆವಿಯಾಗುವಾಗ ಶಾಖವನ್ನು ಒಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲೊರಿ ಶಾಖ ಬೇಕು. 200 ಲೀಟರಿನ ತೊಟ್ಟಿಯಲ್ಲಿ ಇದು ಹೆಚ್ಚುಕಡಿಮೆ 3 ಡಿಗ್ರಿಗೆ ಸಮ. ಹೊರಗಿನ ಬಿಸಿ ಮತ್ತೆ ಮತ್ತೆ ಸೇರುವುದರಿಂದ ಅಷ್ಟೂ ಇಳಿಯುವುದಿಲ್ಲ. ಆದರೂ ಮುಚ್ಚಳ ತೆಗೆದು, ಮೀನು ಹಾರದಂತೆ ಬಲೆ ಹೊದಿಸಿ, ನೀರಿನ ಮೇಲ್ಮೈಗೆ ಗಾಳಿ ಬೀಸುವ ಸಣ್ಣ ಫ್ಯಾನು ಇಟ್ಟರೆ ನಮ್ಮ ಒಣ ಬೇಸಿಗೆಯಲ್ಲಿ 2-3 ಡಿಗ್ರಿ ತಗ್ಗಿಸಬಹುದು. ಮಂಗಳೂರಿನ ತೇವದ ಹವೆಯಲ್ಲಿ ಈ ಉಪಾಯ ಅಷ್ಟು ಫಲಿಸದು. ಅಲ್ಲಿ ಚಿಲ್ಲರ್ ಬೇಕಾಗಬಹುದು. ಅದರ ಬಿಸಿಗಾಳಿ ಹೊರಹೋಗುವ ದಾರಿಯೂ ಬೇಕು.

ಉಪ್ಪು ಹಿಂದೆ ಉಳಿಯುತ್ತದೆ

ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಬಸಿಗಾಲುವೆಯಿಲ್ಲದ ನೀರಾವರಿ ಜಮೀನು ಚೌಳಾಗುವುದು ಇದೇ ಕಾರಣದಿಂದ. ಲೀಟರಿಗೆ 35 ಗ್ರಾಂ ಉಪ್ಪಿರುವ 200 ಲೀಟರ್ ನೀರಿನಲ್ಲಿ 20 ಲೀಟರ್ ಆರಿಹೋದರೆ ಉಪ್ಪಿನಂಶ ಸುಮಾರು 39 ಗ್ರಾಂಗೆ ಏರುತ್ತದೆ. ಆದುದರಿಂದ ಆರಿಹೋದಷ್ಟು ಸಿಹಿನೀರನ್ನು ಪ್ರತಿದಿನವೂ ತುಂಬಬೇಕು. ಉಪ್ಪುನೀರು ತುಂಬಿದರೆ ಉಪ್ಪಿನ ಮೇಲೆ ಉಪ್ಪು ಸೇರುತ್ತದೆ. ಕೊಳವೆ ಬಾವಿಯ ಗಡಸು ನೀರು ಸಲ್ಲದು. ಶುದ್ಧೀಕರಿಸಿದ ನೀರೇ ಆಗಬೇಕು.

ಕರೆಂಟು ಹೋದಾಗ ಬ್ಯಾಟರಿಯ ಗಾಳಿ ಪಂಪು ಕೈಗೆಟುಕುವಂತಿರಲಿ. ತೀರಾ ಅಗತ್ಯವಾದರೆ ನೀರು ತುಂಬಿ ಹೆಪ್ಪುಗಟ್ಟಿಸಿದ, ಬಿರಡೆ ಬಿಗಿದ ಬಾಟಲಿಯನ್ನು ಒಂದೊಂದಾಗಿ ತೇಲಿಬಿಟ್ಟು ನಿಧಾನವಾಗಿ ತಂಪು ಮಾಡಿ. ನನ್ನ ತಪ್ಪನ್ನು ತಾವು ಮಾಡಬೇಡಿ. ಚಳಿಗಾಲದ ರಾತ್ರಿಗಳಿಗೆ ಹೀಟರು ಬೇಕು. ದೊಡ್ಡದೊಂದರ ಬದಲು 100 ವ್ಯಾಟಿನ ಎರಡು ಇದ್ದರೆ, ಒಂದು ಕೆಟ್ಟು ಆರದೆ ಉರಿದರೂ ನೀರು ಒಮ್ಮೆಗೇ ಕುದಿಬಿಸಿಯಾಗುವುದಿಲ್ಲ.

ಕೃಷಿ ಹೊಂಡಕ್ಕೂ ಇದೇ ಪಾಠ

ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿರುವವರಿಗೂ, ಸಿಮೆಂಟ್ ತೊಟ್ಟಿಯಲ್ಲಿ ಅಲಂಕಾರದ ಮೀನು ಸಾಕುವವರಿಗೂ ಈ ಮಾತು ಅನ್ವಯಿಸುತ್ತದೆ. ಬೇಸಿಗೆಯಲ್ಲಿ ಹೊಂಡದ ನೀರು ಒಂದೂವರೆ ಮೀಟರಿಗಿಂತ ತಗ್ಗದಿರಲಿ. ತೊಟ್ಟಿಗೆ ನೆರಳು ಬಲೆ ಕಟ್ಟಿ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರುಕಟ್ಟು. ಆಗ ಆಹಾರ ಹಾಕದೆ, ನೀರನ್ನು ಎತ್ತಿ ಚಿಮ್ಮಿಸಿ ಗಾಳಿ ಬೆರೆಸಬೇಕು.

ಕೊನೆಯ ಮಾತು

ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಅವನ್ನು ಕಿತ್ತು ತರುವುದು ಅಪರಾಧ. ಉತ್ತರ ಕನ್ನಡದ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳ ಅಲ್ಲಿಯೇ ಇರಲಿ. ಕಾನೂನು ಒಪ್ಪುವ ಜೀವಿಗಳನ್ನೇ ಸಾಕುವವರೂ ಮೊದಲು ಬರೀ ನೀರು ತುಂಬಿ, ದೀಪ, ಪಂಪು ಎಲ್ಲವನ್ನೂ ನಡೆಸಿ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ಶಾಖವನ್ನು ಪುಸ್ತಕದಲ್ಲಿ ಬರೆದಿಡಲಿ. ಶಿವರಾತ್ರಿಯಿಂದ ಮುಂಗಾರಿನವರೆಗೆ ಆ ಲೆಕ್ಕ ಹದ ತಪ್ಪದಿದ್ದರೆ ಜೀವ ತರಲಿ. ಹದ ತಪ್ಪಿದರೆ ತೊಟ್ಟಿಯ ಜಾಗ ಬದಲಾಯಿಸಿ ಇನ್ನೊಂದು ಬೇಸಿಗೆ ಕಾಯಲಿ. ಹದ ಬಾರದ ಹೊಲಕ್ಕೆ ಬೀಜ ಹಾಕುವ ರೈತನನ್ನು ನಾವು ಜಾಣನೆನ್ನುವುದಿಲ್ಲ. ತೊಟ್ಟಿಯ ಮುಂದೆ ಕೂತ ಅವನ ಮಗನಿಗೂ ಅದೇ ಮಾತು ಸಲ್ಲಬೇಕು.