ಬಿಸಿಲಿಗೆ ಒಗ್ಗುವ ದೇಹ, ಬದಲಾಗದ ಪಾಳಿ

ಬದಲಾದ ಪರಿಸರಕ್ಕೆ ತಕ್ಕಂತೆ ದೇಹವು ತನ್ನ ನಡೆಯನ್ನು ತಿದ್ದಿಕೊಳ್ಳುವ ಶಕ್ತಿಯನ್ನು ಹೊಂದಾಣಿಕೆ ಎನ್ನುವುದಾದರೆ, ಅದರ ಸ್ಪಷ್ಟ ನಿದರ್ಶನ ಬೇಸಿಗೆಯಲ್ಲಿ ದೊರೆಯುತ್ತದೆ. ದಿನವೂ ಸ್ವಲ್ಪ ಸ್ವಲ್ಪವಾಗಿ ಬಿಸಿಲಿನಲ್ಲಿ ದುಡಿಯುವ ಆರೋಗ್ಯವಂತನ ದೇಹ ಒಂದೆರಡು ವಾರಗಳಲ್ಲಿ ಅದಕ್ಕೆ ಒಗ್ಗುತ್ತದೆ. ರಕ್ತದ ದ್ರವಭಾಗವಾದ ಪ್ಲಾಸ್ಮಾದ ಪ್ರಮಾಣ ಹೆಚ್ಚುತ್ತದೆ, ಅದೇ ಕೆಲಸಕ್ಕೆ ಹೃದಯದ ಬಡಿತ ತಗ್ಗುತ್ತದೆ, ಬೆವರು ಮೊದಲಿಗಿಂತ ಬೇಗ ಹಾಗೂ ಧಾರಾಳವಾಗಿ ಹರಿದರೂ ಅದರೊಡನೆ ಹೋಗುವ ಉಪ್ಪಿನಂಶ ಕಡಿಮೆಯಾಗುತ್ತದೆ. ಬೆವರಿನ ಗ್ರಂಥಿಗಳ ಈ ಜಿಪುಣತನ ಮೆಚ್ಚತಕ್ಕದ್ದೇ. ಆದರೆ ಕೆಲವು ವಾರ ಬಿಸಿಲಿನಿಂದ ದೂರವಿದ್ದರೆ ದೇಹ ಕಲಿತದ್ದನ್ನು ಮರೆಯುತ್ತದೆ; ವೃದ್ಧರಲ್ಲಿ, ಹೃದ್ರೋಗಿಗಳಲ್ಲಿ ಈ ಶಕ್ತಿ ಮೊದಲೇ ಕುಂದಿರುತ್ತದೆ.

ಅಂಥಲ್ಲಿ ದಿನಚರಿಯೇ ಹೊಂದಿಕೊಳ್ಳಬೇಕಾಗುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ಪದ್ಧತಿ ಇಂಥ ವಿವೇಕದ ಫಲ. ನಸುಕಿನಲ್ಲೇ ಹೊಲಕ್ಕಿಳಿದು, ಸೂರ್ಯ ನೆತ್ತಿಗೇರುವ ಹೊತ್ತಿಗೆ ತಲೆಗೆ ಸುತ್ತಿದ ಟವೆಲ್ ಬಿಚ್ಚಿ, ಬೇವಿನ ನೆರಳಿನಲ್ಲಿ ಮಜ್ಜಿಗೆ ಕುಡಿದು ಕೂರುವ ಆ ಭಾಗದ ರೈತರು ಇದನ್ನು ಯಾವ ಸುತ್ತೋಲೆಗೂ ಕಾಯದೆ ಅರಿತವರು. ಫ್ಯಾನಿನ ಕೆಳಗೆ ಕಡತ ನೋಡುವವರಿಗೆ ದಕ್ಕಿರುವ ಈ ಅನುಕೂಲ, ಕಾದ ಕಬ್ಬಿಣದ ಸರಳು ಬಾಗಿಸುವ ಕೂಲಿಕಾರರಿಗೆ, ರಸ್ತೆಗೆ ಡಾಂಬರು ಹಾಕುವವರಿಗೆ, ಮನೆಮನೆಗೆ ಊಟ ತಲುಪಿಸುವ ಹುಡುಗರಿಗೆ ಬಹುಮಟ್ಟಿಗೆ ದಕ್ಕಿಲ್ಲ. ಹೊಸದಾಗಿ ಬಂದವನನ್ನು ಮೊದಲ ದಿನವೇ ಪೂರ್ತಿ ಪಾಳಿಗೆ ಹಚ್ಚುವ ಗುತ್ತಿಗೆದಾರರು ದೇಹ ಕೇಳುವ ಆ ಒಂದೆರಡು ವಾರಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.