ಅಕ್ಷರ ಬಲ್ಲವರು ಗೆರೆಯನ್ನೂ ಕಲಿಯಬೇಕು

ನಾವು ಕಲಾ ವಿಭಾಗದ ವಿದ್ಯಾರ್ಥಿಗಳೆಂದು ಹೇಳಿಕೊಳ್ಳುತ್ತೇವೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಇವುಗಳನ್ನು ಓದಿ ಪದವೀಧರರೂ ಆಗುತ್ತೇವೆ. ಆದರೆ ಕಲೆಯ ಹೆಸರನ್ನು ಹೊತ್ತ ಈ ವಿಭಾಗದಲ್ಲಿ ಮೂರು ವರ್ಷ ಕಳೆದರೂ ನಮ್ಮಲ್ಲಿ ಬಹುಮಂದಿ ಒಂದು ಗೆರೆಯನ್ನಾದರೂ ಎಳೆಯುವ ಗೋಜಿಗೆ ಹೋಗುವುದಿಲ್ಲ. ಕಾಗದದ ಮೇಲೆ ಎಳೆಯುವುದು ಚಿತ್ರಶಾಲೆಯವರ ಕೆಲಸ, ಗಣಕಯಂತ್ರದಲ್ಲಿ ಎಳೆಯುವುದು ಇಂಜಿನಿಯರಿಂಗ್ ಓದಿದವರ ಕೆಲಸ ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಈ ತೀರ್ಮಾನ ಸರಿಯಲ್ಲ. ಅದರಿಂದ ನಮಗೂ ನಷ್ಟ, ಕನ್ನಡಕ್ಕೂ ನಷ್ಟ ಎಂಬುದು ನನ್ನ ಅಭಿಪ್ರಾಯ.

ನಮ್ಮ ಊರಿನ ಯಾವ ಬೀದಿಯಲ್ಲಾದರೂ ಒಮ್ಮೆ ತಲೆಯೆತ್ತಿ ನಡೆದು ನೋಡಿ. ಅಂಗಡಿಯ ಫಲಕ, ಜಾತ್ರೆಯ ಬ್ಯಾನರು, ಮದುವೆಯ ಕರೆಯೋಲೆ ಎಲ್ಲವೂ ಇಂದು ಗಣಕಯಂತ್ರದಿಂದಲೇ ಬರುತ್ತವೆ. ಜಾಗ ತುಂಬಲೆಂದು ಅಕ್ಷರಗಳನ್ನು ಅಡ್ಡಡ್ಡಲಾಗಿ ಎಳೆದಿರುತ್ತಾರೆ. ಹಾಗೆ ಎಳೆದಾಗ ನಿಂತ ಗೆರೆಗಳು ದಪ್ಪವಾಗಿ, ಮಲಗಿದ ಗೆರೆಗಳು ಹಿಂದಿನಂತೆಯೇ ತೆಳ್ಳಗುಳಿದು, ಅಕ್ಷರಕ್ಕೆ ಬಾವು ಬಂದಂತಾಗುತ್ತದೆ. ಒಮ್ಮೊಮ್ಮೆ ‘ರಾಷ್ಟ್ರ’ ಎಂಬಲ್ಲಿ ಒತ್ತಕ್ಷರಗಳು ಕೆಳಗಿಳಿಯದೆ ಒಂದರ ಪಕ್ಕ ಒಂದು ಸಾಲಾಗಿ ನಿಂತಿರುತ್ತವೆ. ಇದನ್ನು ಮಾಡಿದವರನ್ನು ಹಳಿದು ಫಲವಿಲ್ಲ. ಅವರು ಯಂತ್ರ ಬಲ್ಲವರು. ಹೊಟ್ಟೆಪಾಡಿಗಾಗಿ ಅವಸರದಲ್ಲಿ ದುಡಿಯುವವರು. ಅಕ್ಷರ ಬಲ್ಲ ನಾವೋ, ಯಂತ್ರದ ಬಳಿಗೇ ಹೋಗಲಿಲ್ಲ. ಹೀಗಿರಲು ಕನ್ನಡದ ಅಂದಗೇಡಿಗೆ ನಾವು ಮೂಗು ಮುರಿದರೆ ಯಾರು ಕೇಳಿಯಾರು?

ಕಳೆದ ಎಂಟು ತಿಂಗಳಿಂದ ನಾನು ಸೋದರಮಾವನ ಅಂಗಡಿಯ ಹಳೆಯ ಗಣಕಯಂತ್ರದಲ್ಲಿ ಇಂಕ್‌ಸ್ಕೇಪ್ ಎಂಬ ತಂತ್ರಾಂಶವನ್ನು ಕಲಿಯುತ್ತಿದ್ದೇನೆ. ಅದು ವೆಕ್ಟರ್ ಚಿತ್ರ ಬರೆಯುವ ತಂತ್ರಾಂಶ. ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರವು ಸಣ್ಣ ಸಣ್ಣ ಬಣ್ಣದ ಚೌಕಗಳ ಗುಂಪು. ಬಹಳ ಹಿಗ್ಗಿಸಿದರೆ ಚೌಕಗಳು ಎದ್ದು ಕಾಣುತ್ತವೆ. ವೆಕ್ಟರ್ ಚಿತ್ರದಲ್ಲಿರುವುದು ಚೌಕಗಳಲ್ಲ. ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ ಹೀಗೆ ಬಾಗಿ ಹೋಗಲಿ ಎಂಬ ಲೆಕ್ಕ ಮಾತ್ರ. ಆದ್ದರಿಂದ ಅಂಚೆಚೀಟಿಯಷ್ಟು ಬರೆದದ್ದನ್ನು ಗೋಡೆಯಷ್ಟು ಮಾಡಿದರೂ ಅಂಚು ಒಡೆಯುವುದಿಲ್ಲ.

ಈ ಬಾಗು ಗೆರೆಯ ಹುಟ್ಟು ಮೋಟಾರು ಕಾರಿನ ಕಾರ್ಖಾನೆಯಲ್ಲಿ. ಫ್ರಾನ್ಸಿನ ಸಿಟ್ರೊಯೆನ್ ಸಂಸ್ಥೆಯಲ್ಲಿ 1959ರಲ್ಲಿ ಪೋಲ್ ದ ಕಾಸ್ತೆಲ್ಜೋ ಎಂಬ ಗಣಿತಜ್ಞರೂ, 1960ರ ದಶಕದಲ್ಲಿ ರೆನೋ ಸಂಸ್ಥೆಯ ಇಂಜಿನಿಯರ್ ಪಿಯೇರ್ ಬೆಜಿಯೇ ಅವರೂ ಕಾರಿನ ಮೈಯ ವಕ್ರಗಳನ್ನು ಲೆಕ್ಕಕ್ಕಿಳಿಸುವ ದಾರಿಯನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ಮೊದಲಿನವರ ಕೆಲಸ ಬಹುಕಾಲ ಕಾರ್ಖಾನೆಯ ಗುಟ್ಟಾಗಿ ಉಳಿದುದರಿಂದ ಗೆರೆಗೆ ಬೆಜಿಯೇ ಅವರ ಹೆಸರೇ ನಿಂತಿತು. ಉಕ್ಕಿನ ತಗಡಿಗಾಗಿ ಹುಟ್ಟಿದ ಆ ಗೆರೆ ದುಂಡಗಿನ ಕನ್ನಡ ಲಿಪಿಗೆ ಹೇಳಿ ಮಾಡಿಸಿದಂತಿದೆ.

ಉದಾಹರಣೆಗೆ ಅನುಸ್ವಾರದ ಸೊನ್ನೆಯನ್ನು ತೆಗೆದುಕೊಳ್ಳಿ. ಹೊಸಬರ ಕೈಗೆ ಕೊಟ್ಟರೆ ಸುತ್ತಲೂ ಹದಿನೈದು ಇಪ್ಪತ್ತು ಬಿಂದುಗಳನ್ನು ಚೆಲ್ಲಿಬಿಡುತ್ತಾರೆ. ಸೊನ್ನೆ ಹಲ್ಲು ಹಲ್ಲಾಗುತ್ತದೆ. ಬೇಕಾದದ್ದು ನಾಲ್ಕೇ ಬಿಂದು: ಮೇಲೊಂದು, ಕೆಳಗೊಂದು, ಎಡಬಲಗಳಲ್ಲಿ ಒಂದೊಂದು. ಪ್ರತಿ ಬಿಂದುವಿಗೂ ಎರಡು ಹಿಡಿಗಳಿರುತ್ತವೆ. ತ್ರಿಜ್ಯ 100 ಇದ್ದರೆ ಹಿಡಿಯ ಉದ್ದ ಸುಮಾರು 55 ಇಟ್ಟರೆ ಸಾಕು, ಕಣ್ಣಿಗೆ ಅದು ಪೂರ್ಣ ವೃತ್ತವೇ. ಮಾತಿನಂತೆಯೇ ಗೆರೆಗೂ ಮಿತ ಬೇಕು. ಬಿಂದುಗಳು ಕಡಮೆಯಾದಷ್ಟೂ ಗೆರೆ ನುಣುಪು. ಗೆರೆ ಎಲ್ಲಿ ತಿರುಗುತ್ತದೆಯೋ ಅಲ್ಲಿ ಮಾತ್ರ ಬಿಂದು ಇಡಬೇಕೆಂಬುದು ತಿಳಿಯಲು ‘ಕ’ ಎಂಬ ಅಕ್ಷರವನ್ನು ದಿಟ್ಟಿಸಿ ನೋಡಬೇಕಾಗುತ್ತದೆ. ಹದಿನೈದು ವರ್ಷ ಕನ್ನಡ ಓದಿದ ನಾನು ತಲೆಕಟ್ಟು ಎಲ್ಲಿ ದಪ್ಪ, ಕೊಂಬು ಎಲ್ಲಿ ತೆಳು, ಸುಳಿ ಯಾವ ಕಡೆಗೆ ಒಳಗೆ ಸರಿಯುತ್ತದೆ ಎಂಬುದನ್ನು ಕಣ್ಣಿಟ್ಟು ನೋಡಿದ್ದು ಈ ಎಂಟು ತಿಂಗಳಲ್ಲೇ.

“ಇದಕ್ಕೆಲ್ಲ ಹಣವೆಲ್ಲಿ?” ಎಂದು ಕೆಲವು ಗೆಳೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಹೆಸರಾಂತ ತಂತ್ರಾಂಶಗಳ ಬೆಲೆ ನಮ್ಮಂಥವರ ಕೈಗೆ ಎಟಕುವುದಿಲ್ಲ. ಆ ಕಾರಣದಿಂದ ಕದ್ದ ಪ್ರತಿಗಳನ್ನು ಬಳಸುವವರೂ ಉಂಟು. ಆದರೆ ಇಂಕ್‌ಸ್ಕೇಪ್‌ಗೆ ಬೆಲೆಯೇ ಇಲ್ಲ. 2003ರಲ್ಲಿ ಆರಂಭವಾಗಿ, ಅನೇಕ ದೇಶಗಳ ಸ್ವಯಂಸೇವಕರ ದುಡಿಮೆಯಿಂದ ಬೆಳೆದು, 2020ರಲ್ಲಿ ತನ್ನ 1.0 ಆವೃತ್ತಿಯನ್ನು ಕಂಡ ಇದನ್ನು ಯಾರು ಬೇಕಾದರೂ ಬಳಸಬಹುದು, ಇತರರಿಗೆ ಹಂಚಬಹುದು. ಯುನಿಕೋಡ್ ಕನ್ನಡವನ್ನು ಇದರಲ್ಲಿ ಬರೆದರೆ ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಕೂಡುತ್ತವೆ. ಬಳಸಲು ಗುಬ್ಬಿ, ನವಿಲು ಮುಂತಾದ ಮುಕ್ತ ಕನ್ನಡ ಅಕ್ಷರವಿನ್ಯಾಸಗಳೂ ಇವೆ. ಹೀಗಿರುವಾಗ ಕದಿಯುವ ಅಗತ್ಯವೇನು? ಅಡ್ಡವಾಗಿರುವುದು ಬಡತನಕ್ಕಿಂತ ಹೆಚ್ಚಾಗಿ ‘ಇದು ನಮಗಲ್ಲ’ ಎಂಬ ಅಳುಕು.

ಈ ಅಳುಕಿನ ಬೇರು ಇನ್ನೂ ಆಳದಲ್ಲಿದೆ ಎಂದು ನನಗೆ ತೋರುತ್ತದೆ. ನಮ್ಮ ತಂದೆ ಗಾರೆ ಕೆಲಸದವರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕೈಯ ಕೆಲಸದಿಂದ ಮಗನನ್ನು ಬಿಡಿಸಬೇಕೆಂದೇ ಅವರು ನನ್ನನ್ನು ಓದಿಸಿದರು. ನಮ್ಮಲ್ಲಿ ಅನೇಕರ ಕಥೆ ಇದೇ. ಆದಕಾರಣ ಓದೆಂದರೆ ಕೈಯಿಂದ ದೂರ ಸರಿಯುವುದೆಂಬ ಭಾವನೆ ನಮಗರಿಯದೆಯೇ ಬೆಳೆದುಬಿಡುತ್ತದೆ. ಆದರೆ ಮೊಳೆಗೆ ದಾರ ಕಟ್ಟಿ ಕಮಾನಿನ ಬಾಗು ಗುರುತಿಸುವ ತಂದೆಯವರು ನನ್ನ ಗೆರೆಗಳನ್ನು ನೋಡಿ ಕೇಳಿದ ಪ್ರಶ್ನೆ ಒಂದೇ: “ಎಷ್ಟು ದೊಡ್ಡದು ಮಾಡಿದರೂ ಬಾಗು ಕೆಡುವುದಿಲ್ಲವೆ?” ಇಡೀ ವೆಕ್ಟರ್ ವಿದ್ಯೆಯ ತಿರುಳು ಆ ಪ್ರಶ್ನೆಯಲ್ಲಿದೆ. ಬಾಗನ್ನು ಅಳೆಯಬಲ್ಲ ಕೈಯ ಬುದ್ಧಿಯನ್ನು ಬಿಟ್ಟುಕೊಟ್ಟು ಪದವಿಯನ್ನಷ್ಟೇ ಪಡೆದರೆ ಆ ವ್ಯಾಪಾರದಲ್ಲಿ ಲಾಭವೆಷ್ಟು?

“ಈಗ ಮಾತಿನಲ್ಲಿ ಹೇಳಿದರೆ ಯಂತ್ರವೇ ಚಿತ್ರ ಬರೆದುಕೊಡುತ್ತದಲ್ಲ!” ಎಂಬ ಆಕ್ಷೇಪವೂ ಉಂಟು. ಕೊಡುತ್ತದೆ, ನಿಜ. ಛಾಯಾಚಿತ್ರವನ್ನು ತಾನಾಗಿಯೇ ಗೆರೆಯಾಗಿಸುವ ಸೌಕರ್ಯ ಇಂಕ್‌ಸ್ಕೇಪ್‌ನಲ್ಲಿಯೂ ಇದೆ. ಒಂದು ಅಕ್ಷರಕ್ಕೆ ಎಷ್ಟೋ ಬಿಂದುಗಳನ್ನು ಸುರಿದುಕೊಡುತ್ತದೆ. ಅವುಗಳಲ್ಲಿ ಯಾವುದು ಬೇಕು, ಯಾವುದು ಕಸ ಎಂದು ಆರಿಸುವವರು ಯಾರು? ಸ್ವತಃ ಒಂದು ‘ಕ’ ಬರೆದವರಿಗೆ ಅದು ಗೊತ್ತಾಗುತ್ತದೆ. ಬರೆಯದವರು ಯಂತ್ರ ಕೊಟ್ಟದ್ದನ್ನೇ ಚೆನ್ನೆನ್ನಬೇಕಾಗುತ್ತದೆ.

1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಕನ್ನಡದ ಅಕ್ಷರ ಸೀಸದ ಮೊಳೆಯಲ್ಲೂ ಅಚ್ಚಾಯಿತು, ಈಗ ಬೆಜಿಯೇ ಗೆರೆಗೆ ಬಂದಿದೆ. ಪ್ರತಿ ಸಲವೂ ಯಾರೋ ಕೆಲವರು ಅಕ್ಷರವನ್ನೂ ಹೊಸ ಸಾಧನವನ್ನೂ ಒಟ್ಟಿಗೆ ಕಲಿತದ್ದರಿಂದಲೇ ಅದು ಉಳಿದು ಬಂದಿದೆ. ಈ ಸಲ ಆ ಕೆಲವರು ಕಲಾ ವಿಭಾಗದಿಂದ ಏಕೆ ಬರಬಾರದು?

ಆದುದರಿಂದ ಅಧ್ಯಾಪಕ ವರ್ಗದವರಲ್ಲಿ ನನ್ನದೊಂದು ವಿನಂತಿ. ಕಾಲೇಜಿನ ಗಣಕಯಂತ್ರದ ಕೊಠಡಿ ವಾರಕ್ಕೆ ಎರಡು ಸಂಜೆ ನಮಗೂ ದೊರೆಯಲಿ. ಬೇರೆ ಶಿಕ್ಷಕರನ್ನು ನೇಮಿಸಬೇಕಾಗಿಲ್ಲ. ಬಲ್ಲ ಒಬ್ಬಿಬ್ಬರು ಉಳಿದವರಿಗೆ ಹೇಳಿಕೊಟ್ಟರೆ ಸಾಕು. ಮುಂದಿನ ವರ್ಷ ನಾನಿಲ್ಲಿರುವುದಿಲ್ಲ. ಆದರೆ ಮುಂದಿನ ಸಂಚಿಕೆಯ ಮುಖಪುಟದ ಅಕ್ಷರಗಳನ್ನು ಈ ಕಾಲೇಜಿನ ವಿದ್ಯಾರ್ಥಿಗಳೇ ಬರೆಯುವುದು ಅಸಾಧ್ಯವೇನಲ್ಲ. ಗೆಳೆಯರೇ, ಸೊನ್ನೆಯಿಂದ ಆರಂಭಿಸಿ, ನಾಲ್ಕೇ ಬಿಂದು.