ಯಂತ್ರ ನಮ್ಮದು, ಬಿಚ್ಚುವ ಹಕ್ಕು ಯಾರದು?

ಗಿರಣಿಯಲ್ಲಿ ಮಗ್ಗ ನಿಂತರೆ ಕಾರ್ಮಿಕನು ಏನು ಮಾಡುತ್ತಾನೆಂಬುದನ್ನು ನಮ್ಮ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ನೂಲು ಕಡಿದಿದೆಯೋ, ಬೆಲ್ಟು ಸಡಿಲಾಗಿದೆಯೋ, ಎಣ್ಣೆ ಆರಿದೆಯೋ ಎಂದು ಮೊದಲು ತಾನೇ ನೋಡುತ್ತಾನೆ; ತನ್ನಿಂದಾಗದಿದ್ದರೆ ಫಿಟ್ಟರನನ್ನು ಕೂಗುತ್ತಾನೆ. ಮಗ್ಗವನ್ನೇ ಗುಜರಿಗೆ ಹಾಕಿ ಹೊಸದು ತರಿಸಿರೆಂದು ಯಾರೂ ಹೇಳುವುದಿಲ್ಲ. ಆದರೆ ಅದೇ ಕಾರ್ಮಿಕನು ಮಗಳ ಓದಿಗೆಂದು ಸಾಲ ಮಾಡಿ ಕೊಂಡ ಕಂಪ್ಯೂಟರು ಕೆಟ್ಟು ನಿಂತರೆ, ಅದರ ಒಂದು ತಿರುಪನ್ನು ಮುಟ್ಟಲೂ ಹೆದರುತ್ತಾನೆ. ಈ ಹೆದರಿಕೆ ತಾನಾಗಿ ಹುಟ್ಟಿದ್ದಲ್ಲ. ಅದನ್ನು ಬೆಳೆಸಿದವರಿಗೆ ಅದರಿಂದ ಲಾಭವಿದೆ.

ನಮ್ಮ ಬಜಾರಿನ ಒಬ್ಬ ಕಿರಾಣಿ ವರ್ತಕರ ಸಂಗತಿ ಕೇಳಿ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಅವರೂ ಎಲ್ಲರಂತೆ ಒಂದು ಕಂಪ್ಯೂಟರು ಕೊಂಡರು. ಕೆಲವು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಪ್ರತಿ ಬೆಳಿಗ್ಗೆ ಗುಂಡಿ ಒತ್ತಿದರೆ ಯಂತ್ರದ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತಿತ್ತು. ಬಿಲ್ಲುಗಳೆಲ್ಲ ತಪ್ಪು ತಾರೀಖಿನವು. ರಿಪೇರಿ ಕೇಂದ್ರವೊಂದರಲ್ಲಿ ತೋರಿಸಿದರೆ "ಬೋರ್ಡೇ ಹೋಗಿದೆ ಸ್ವಾಮಿ, ಹೊಸದು ತೆಗೆದುಕೊಳ್ಳಿ" ಎಂದರು. ಕೊನೆಗೆ ಪಕ್ಕದ ಓಣಿಯ ರೇಡಿಯೋ ರಿಪೇರಿಯವನು ಡಬ್ಬಿ ಬಿಚ್ಚಿ, ಒಳಗಿದ್ದ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸಿದನು. ಅದರ ಮೇಲೆ ಸಿ.ಆರ್. 2032 ಎಂದು ಬರೆದಿರುತ್ತದೆ, ಶಕ್ತಿ 3 ವೋಲ್ಟು, ಗಡಿಯಾರದಂಗಡಿಯಲ್ಲೂ ಸಿಗುತ್ತದೆ. ವಿದ್ಯುತ್ತು ಇಲ್ಲದಾಗ ಕಂಪ್ಯೂಟರಿನ ಗಡಿಯಾರವನ್ನು ನಡೆಸುವುದು ಅದೇ. ಚಿಲ್ಲರೆ ಕಾಸಿನಲ್ಲಿ ಮುಗಿಯುವ ಕೆಲಸಕ್ಕೆ ಹೊಸ ಯಂತ್ರವನ್ನೇ ಮಾರಲು ಹೊರಟಿದ್ದರು.

ಇಂಥ ಕೆಲಸಗಳು ಇನ್ನೂ ಇವೆ. ಗ್ಯಾರಂಟಿ ಮುಗಿದ ಯಂತ್ರವಾದರೆ ಧೈರ್ಯವಾಗಿ ಮಾಡಬಹುದು. ಮೊದಲು ವಯರನ್ನು ಗೋಡೆಯಿಂದ ಕಿತ್ತು, ಗುಂಡಿಯನ್ನು ಹತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಿರಿ. ಒಳಗೆ ಕೈಯಿಡುವ ಮುನ್ನ ಡಬ್ಬಿಯ ಬರಿ ಲೋಹವನ್ನು ಮುಟ್ಟಿರಿ. ಮೈಮೇಲಿನ ಸ್ಥಾಯಿ ವಿದ್ಯುತ್ತು ಚಿಪ್ಪುಗಳನ್ನು ಸುಡಬಲ್ಲದು. ಯಂತ್ರ ಬಿಸಿಯಾಗಿ ತಾನೇ ಆರುತ್ತಿದ್ದರೆ ಬಹುತೇಕ ಧೂಳೇ ಕಾರಣ. ಹತ್ತಿಯ ಊರಿನವರಿಗೆ ಇದು ಹೊಸದಲ್ಲ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು, ಮೆತ್ತನೆಯ ಕುಂಚದಿಂದ ಗುಡಿಸಿರಿ.

ಗುಂಡಿ ಒತ್ತಿದಾಗ ಕೀಂ ಕೀಂ ಎಂದು ಕೂಗಿ ಪರದೆ ಕಪ್ಪಾಗಿಯೇ ಉಳಿದರೆ, ರ‍್ಯಾಮ್ ಪಟ್ಟಿಯನ್ನು ಎರಡು ತುದಿಯ ಕೊಕ್ಕೆ ಸಡಿಲಿಸಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲು ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಕೊಡವಿ ಮತ್ತೆ ಕೂರಿಸಿರಿ. ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದು ನಿಲ್ಲುತ್ತವೆ. ಬರಿ ನಿಧಾನವಾಗಿದ್ದರೆ ಎರಡು ಉಪಾಯಗಳಿವೆ. 4 ಜಿ.ಬಿ. ರ‍್ಯಾಮನ್ನು 8ಕ್ಕೆ ಏರಿಸುವುದು ಒಂದು, ಆದರೆ ಡಿ.ಡಿ.ಆರ್. 3 ಇರುವ ಕಡೆ ಡಿ.ಡಿ.ಆರ್. 4 ಕೂರುವುದಿಲ್ಲ, ಹಳೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿರಿ. ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ, ತಿರುಗುವ ಭಾಗವೇ ಇಲ್ಲದ ಎಸ್.ಎಸ್.ಡಿ. ಹಾಕುವುದು ಇನ್ನೊಂದು. ನಾಲ್ಕು ತಿರುಪು, ಎರಡು ವಯರಿನ ಕೆಲಸ. ಲೆಕ್ಕಪತ್ರಗಳ ಪ್ರತಿಯನ್ನು ಮಾತ್ರ ಮೊದಲೇ ಬೇರೆಡೆ ತೆಗೆದಿಟ್ಟುಕೊಂಡಿರಬೇಕು.

ಮುಟ್ಟಬಾರದ ಎರಡನ್ನೂ ಹೇಳಿಬಿಡುತ್ತೇವೆ. ವಿದ್ಯುತ್ತು ಪೂರೈಸುವ ಒಳಪೆಟ್ಟಿಗೆಯನ್ನು ಬಿಚ್ಚಬೇಡಿ; ವಯರು ಕಿತ್ತ ಮೇಲೂ ಅದರಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ. ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಚುಚ್ಚಬೇಡಿ, ಒತ್ತಬೇಡಿ. ಅದು ಬೆಂಕಿ ಹಿಡಿಯುತ್ತದೆ. ಅಲ್ಲಿ ಫಿಟ್ಟರನೇ ಬೇಕು.

ಇಷ್ಟು ಸುಲಭವಾದುದನ್ನು ಜನ ಏಕೆ ಮಾಡುತ್ತಿಲ್ಲ? ಮಾಡಗೊಡದಂತೆ ಯಂತ್ರಗಳನ್ನೇ ಕಟ್ಟುತ್ತಿದ್ದಾರೆ. 2012ರಲ್ಲಿ ಆಪಲ್ ಕಂಪೆನಿಯು ತನ್ನ ಹೊಸ ಮ್ಯಾಕ್‌ಬುಕ್ ಪ್ರೋದಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿ, ಬ್ಯಾಟರಿಯನ್ನು ಅಂಟಿನಿಂದ ಅಂಟಿಸಿತು. ಆಮೇಲೆ ತೆಳ್ಳನೆಯ ಲ್ಯಾಪ್‌ಟಾಪುಗಳನ್ನು ಮಾಡುವ ಇತರ ಅನೇಕರೂ ಅದೇ ಹಾದಿ ಹಿಡಿದರು. ಬೆಸುಗೆ ಹಾಕಿದರೆ ಯಂತ್ರ ತೆಳುವಾಗುತ್ತದೆ, ವೇಗವಾಗುತ್ತದೆ ಎಂಬ ಅವರ ಸಮಾಧಾನದಲ್ಲಿ ಸ್ವಲ್ಪ ಸತ್ಯವುಂಟು. ಆದರೆ ಕೊಂಡವನು ನಾಳೆ ಒಂದು ಪಟ್ಟಿ ಸೇರಿಸಿ ಇನ್ನೈದು ವರ್ಷ ದುಡಿಸಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿತೆಂಬುದು ಪೂರ್ಣ ಸತ್ಯ. ಜಗತ್ತಿನ ರ‍್ಯಾಮಿನ ಬಹುಭಾಗವನ್ನು ತಯಾರಿಸುವವರು ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂವರೇ. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಯಂತ್ರಾಗಾರಗಳು ಆ ಸರಕನ್ನು ಬಾಚಿಕೊಳ್ಳತೊಡಗಿದಾಗ ಬೆಲೆ ಏರಿ, ಅದರ ಬಿಸಿ ಬಡವನಿಗೂ ತಟ್ಟಿತು. ಹಳೆಯ ಪಟ್ಟಿಯನ್ನು ಎಸೆಯದಿರಲು ಇದೂ ಒಂದು ಕಾರಣ.

ಇನ್ನು ಮೈಕ್ರೋಸಾಫ್ಟಿನ ಮಾತು. ವಿಂಡೋಸ್ 10ಕ್ಕೆ ಉಚಿತ ಭದ್ರತೆಯ ಸಾಮಾನ್ಯ ಅವಧಿಯನ್ನು ಅದು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ವಿಂಡೋಸ್ 11 ಹಾಕೋಣವೆಂದರೆ ಟಿ.ಪಿ.ಎಂ. 2.0 ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರಿನ ಪ್ರೊಸೆಸರಾದರೂ ಬೇಕೆಂಬ ಕಟ್ಟಳೆ. ಚೆನ್ನಾಗಿ ಓಡುತ್ತಿರುವ ಯಂತ್ರಗಳಿಗೆ ಒಂದು ಕಾಗದದ ಆಜ್ಞೆಯಿಂದ ಮುಪ್ಪು ಬಂದಂತಾಯಿತು. ಇದಕ್ಕೂ ದಾರಿಯಿದೆ. ಲಿನಕ್ಸ್ ಎಂಬುದನ್ನು ಬೆಲೆಯಿಲ್ಲದೆ ಪಡೆದು ಹಾಕಿಕೊಳ್ಳಬಹುದು. ಕೇರಳದ ಸರಕಾರೀ ಶಾಲೆಗಳಲ್ಲಿ ಮಕ್ಕಳು ಬಹುವರ್ಷಗಳಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಓದು, ಬರಹ, ಪತ್ರವ್ಯವಹಾರಕ್ಕೆ ಅದು ಧಾರಾಳವಾಗಿ ಸಾಕು. ಅಂಗಡಿಯ ಲೆಕ್ಕದ ತಂತ್ರಾಂಶವು ವಿಂಡೋಸನ್ನೇ ಬೇಡುವುದಾದರೆ ಮಾತ್ರ ವಿಚಾರಿಸದೆ ಬದಲಿಸಬೇಡಿ.

ಎಲ್ಲರೂ ತಾವೇ ಬಿಚ್ಚತೊಡಗಿದರೆ ಓಣಿಯ ರಿಪೇರಿಯವನ ಅನ್ನಕ್ಕೆ ಕಲ್ಲು ಬೀಳದೆ, ಎಂದು ಒಬ್ಬ ಮಿತ್ರರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ನಮ್ಮ ಉತ್ತರವಿದು: ಧೂಳು ಗುಡಿಸುವುದರಲ್ಲಿ ಅವನ ಅನ್ನವಿಲ್ಲ. ಉಳಿದ ಕಠಿಣ ಕೆಲಸವೂ, ಬಿಡಿಭಾಗದ ಮಾರಾಟವೂ ಅವನದೇ. ಬಿಚ್ಚಲಾಗದ ಯಂತ್ರ ಬಂದ ದಿನ ಅವನ ಅಂಗಡಿಯೂ ಮುಚ್ಚುತ್ತದೆ. ಆದುದರಿಂದ ಕೊಳ್ಳುವವನ ಹಿತವೂ ರಿಪೇರಿಯವನ ಹಿತವೂ ಒಂದೇ.

ಗಾಂಧೀಜಿಯವರು ಯಂತ್ರದ ಮಾತು ಬಂದಾಗ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ಲೋಹಿಯಾ ಅವರು ಚಿಕ್ಕ ಯಂತ್ರದ ಪರವಾಗಿ ವಾದಿಸಿದರು. ಮನುಷ್ಯನ ಹತೋಟಿಯಲ್ಲಿರುವ ಯಂತ್ರವೇ ಅವನಿಗೆ ಮಿತ್ರನೆಂಬ ತಿಳಿವಳಿಕೆ ಎರಡರಲ್ಲೂ ಇದೆ. ಯೂರೋಪಿನ ಒಕ್ಕೂಟವು 2024ರಲ್ಲಿ ರಿಪೇರಿಯ ಹಕ್ಕಿಗೆ ಶಾಸನ ಮಾಡಿತು. ಫ್ರಾನ್ಸಿನಲ್ಲಿ 2021ರಿಂದ ಲ್ಯಾಪ್‌ಟಾಪು ಎಷ್ಟು ಸುಲಭವಾಗಿ ದುರಸ್ತಿಯಾಗುತ್ತದೆಂಬ ಅಂಕವನ್ನು ಮಾರುವಾಗಲೇ ತೋರಿಸಬೇಕು. ನಮ್ಮ ಕೇಂದ್ರ ಸರಕಾರವು 2022ರ ಜುಲೈಯಲ್ಲಿ ಒಂದು ಸಮಿತಿ ಮಾಡಿ, ಡಿಸೆಂಬರಿನಲ್ಲಿ ಒಂದು ಪೋರ್ಟಲು ತೆರೆಯಿತು. ಪೋರ್ಟಲಿನಲ್ಲಿ ದೂರವಾಣಿ ಸಂಖ್ಯೆ ಸಿಗಬಹುದು, ಹಕ್ಕು ಸಿಗುವುದಿಲ್ಲ. ಬಿಡಿಭಾಗವನ್ನು ನ್ಯಾಯವಾದ ಬೆಲೆಗೆ ಯಾರಿಗಾದರೂ ಮಾರಬೇಕು. ದುರಸ್ತಿಯ ಕೈಪಿಡಿ ಕನ್ನಡದಲ್ಲಿ ಸಿಗಬೇಕು. ಕೊಡದ ಕಂಪೆನಿಗೆ ದಂಡ ಬೀಳಬೇಕು. ಶಾಸನವೆಂದರೆ ಇದು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಪ್ರತಿ ಕಾರ್ಮಿಕ ಸಂಘದ ಕಚೇರಿಯಲ್ಲೂ ಒಂದು ತಿರುಪುಳಿ, ಒಂದು ಕುಂಚ ಇರಲಿ. ತಿಂಗಳಿಗೊಂದು ಭಾನುವಾರ ಬಲ್ಲವರು ಕುಳಿತು ಬಾರದವರಿಗೆ ಕಲಿಸಲಿ. ಮಗ್ಗಕ್ಕೆ ಹೆದರದ ಕೈ ಈ ಪೆಟ್ಟಿಗೆಗೆ ಹೆದರಬೇಕಾದುದಿಲ್ಲ.